ಲೈಬ್ರರಿ ಪುಸ್ತಕದಲ್ಲಿ ಗೀಚಬಾರದು

ಗಂಡ ಸತ್ತವಳ ಕಾದಂಬರಿ.
ಹನುಮಂತನಗರದ ಲೈಬ್ರರಿಯಲ್ಲಿ ಶಿವಗಂಗಮ್ಮ
ಮುದ್ರೆ ಒತ್ತಲು ಕೈಯೆತ್ತಿ, ತಡೆದು,
'ಇದೇ ಬೇಕಾ?' ಅಂದರು.
ಇದೇ ಬೇಕು ಅಂದೆ.

ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಹತ್ತಿದಾಗ
ಅವನಿನ್ನೂ ಇದ್ದ, ಕಾದಂಬರಿಯವನು,
ಬಾಲ್ಕನಿಯ ದಾಸವಾಳಕ್ಕೆ ನೀರು ಹಾಕುತ್ತ.
ಮಾರ್ಕೆಟ್ಟಿಗೆ ಮೊದಲೇ ರೈಲು ನೆಲದೊಳಗಿಳಿಯಿತು.
ಚಿಕ್ಕಪೇಟೆ. ಮೆಜೆಸ್ಟಿಕ್ಕು.
ಸಂಪಿಗೆ ರಸ್ತೆಯಲ್ಲಿ ಮತ್ತೆ ಬಿಸಿಲು ಬಿದ್ದಾಗ
ಅವನು ಹೋಗಿ ಎರಡು ಪುಟವಾಗಿತ್ತು.
ಪಕ್ಕದ ಹುಡುಗಿ ಲಿಪ್‌ಸ್ಟಿಕ್ ತಿದ್ದಿಕೊಳ್ಳುತ್ತಿದ್ದಳು.
ಪೀಣ್ಯದಲ್ಲಿ ಇಳಿಯಬೇಕಾದವಳು ದಾಸರಹಳ್ಳಿಯಲ್ಲಿ ಇಳಿದೆ.

ಅರವತ್ತೊಂದನೆಯ ಪುಟ:
ಅವಳು ಅವನ ಅಂಗಿ ಮುಖಕ್ಕೊತ್ತಿ ಮೂಸುತ್ತಾಳೆ.
ಶ್ರೀಗಂಧ, ಮಳೆ, ಹಳೆಯ ಕಾಗದ.
ನನ್ನ ಮುನಿಕೃಷ್ಣ ಲಿಫ್ಟ್ ರಿಪೇರಿಯವನು.
ಅಂಗಿ ತುಂಬ ಗ್ರೀಸು.
ಎರಡು ಸಲ ನೆನೆಹಾಕಿ, ಕುಕ್ಕಿ ಒಗೆದು, ಹಿಂಡಿ,
ವಾರದೊಳಗೆ ಮೈದುನನಿಗೆ ಕೊಟ್ಟುಬಿಟ್ಟೆ.
ಈಗ ಬೀದಿ ತಿರುವಿನಲ್ಲಿ
ಆ ನೀಲಿ ಚೌಕಳಿ ಮೊದಲು ಬರುತ್ತದೆ,
ಆಮೇಲೆ ಬೇರೆ ಮುಖ.
ಸೀಸದಕಡ್ಡಿ ತೆಗೆದು ಅಂಚಿನಲ್ಲಿ
ಸಣ್ಣಗೆ ಬರೆದೆ: ಸುಳ್ಳು.

ಎಪ್ಪತ್ತೆಂಟು: ದುಃಖ ಸಮುದ್ರವಂತೆ,
ಅಲೆಯಲೆಯಾಗಿ ಬರುತ್ತದಂತೆ.
ಶ್ರೀನಗರದಲ್ಲಿ ಯಾವ ಸಮುದ್ರ ತಾಯಿ,
ಕಾವೇರಿ ನೀರೇ ದಿನ ಬಿಟ್ಟು ದಿನ!
ನನಗದು ಬರುವುದು ನಾಲ್ಕು ಅಂಕೆಯಾಗಿ.
ಸಿಲಿಂಡರಿನ ಹುಡುಗ ಹೊಸ್ತಿಲಲ್ಲಿ ನಿಂತು
ಬೆವರೊರೆಸಿಕೊಳ್ಳುತ್ತ 'ಒಟಿಪಿ ಹೇಳಿ ಮೇಡಂ' ಅನ್ನುತ್ತಾನೆ.
ಅದು ಮುನಿಕೃಷ್ಣನ ಫೋನಿಗೆ ಬರುತ್ತದೆ,
ಫ್ರಿಜ್ಜಿನ ಮೇಲೆ ಚಾರ್ಜಿಗೆ ಹಾಕಿಟ್ಟ ಫೋನಿಗೆ.
ಹೆಸರು ಬದಲಾಯಿಸು, ಒಂದು ಅರ್ಜಿ ಸಾಕು, ಎಲ್ಲರೂ ಹೇಳುತ್ತಾರೆ.
ಗೊತ್ತು.
ಆದರೂ ಅವನಿಗೆ ಯಾರೋ ಏನೋ ಕಳಿಸುತ್ತಾರಲ್ಲ,
ನಾನು ಓದಿ ಹೇಳುತ್ತೇನಲ್ಲ:
ಐದು, ಸೊನ್ನೆ, ಎರಡು, ಒಂಬತ್ತು.
ಇಲ್ಲಿ ಇನ್ನೂ ಒತ್ತಿ ಬರೆದೆ: ಸುಳ್ಳು.

ನೂರ ಹನ್ನೆರಡರಲ್ಲಿ ಮಾತ್ರ ಕಡ್ಡಿ ಏಳಲಿಲ್ಲ.
ಹನ್ನೊಂದನೆಯ ದಿನ, ಮನೆ ತುಂಬ ನೆಂಟರು,
ಅವಳಿಗೆ ಎಲ್ಲಿಂದಲೋ ನಗು ಬಂದು
ಬಚ್ಚಲಿಗೆ ಓಡಿ ನಲ್ಲಿ ತಿರುವುತ್ತಾಳೆ.

ನಮ್ಮನೆಯಲ್ಲಿ ದೊಡ್ಡಮ್ಮ ಅಂದಿದ್ದರು,
ಅಳಬೇಡ ಮಗಾ, ಮೇಲೆ ಹೋದವನು ನೋಡ್ತಿರ್ತಾನೆ.
ಮುನಿಕೃಷ್ಣ ಲಿಫ್ಟನ್ನು ನಂಬುತ್ತಿರಲಿಲ್ಲ.
ಒಳಗೇನಿದೆ ಅಂತ ನನಗೆ ಗೊತ್ತಲ್ಲ, ಅನ್ನುತ್ತಿದ್ದ.
ಎಷ್ಟನೇ ಮಹಡಿಯಾದರೂ ಮೆಟ್ಟಿಲೇ.
ಹಾಗಾದರೆ ಇನ್ನೂ ತಲುಪಿರಲಿಕ್ಕಿಲ್ಲ ಅನ್ನಿಸಿತು,
ಮೂರನೆಯ ಮಹಡಿಯಲ್ಲಿ ನಿಂತು
ಮೊಣಕಾಲು ಹಿಡಿದುಕೊಂಡು ಏದುಸಿರು ಬಿಡುತ್ತಿರಬಹುದು.
ಸೆರಗು ಬಾಯಿಗೆ ತುರುಕಿಕೊಂಡೆ.
ಪಾಪ ಅಳ್ತಿದಾಳೆ ಅಂದರು.

ಕೊನೆಯ ಹಾಳೆಯಲ್ಲಿ ಲೇಖಕಿಯ ಕೃತಜ್ಞತೆ:
ಬರೆಯುವಾಗ ಕಾಫಿ ಮಾಡಿಕೊಟ್ಟು,
ಮಗಳನ್ನು ಶಾಲೆಗೆ ಬಿಟ್ಟು ಬಂದ
ನನ್ನ ಗಂಡನಿಗೆ.

ಇದ್ದಾನೆ!
ಪುಸ್ತಕ ಎಸೆದೆ. ಸೋಫಾದಡಿ ಹೋಯಿತು.
ಮೂರು ದಿನ ಅಲ್ಲೇ ಇತ್ತು, ಗುಡಿಸುವಾಗ ಪೊರಕೆಗೆ ತಾಗುತ್ತ.

ನಾಲ್ಕನೆಯ ದಿನ ಒಗ್ಗರಣೆಗೆ ಹಾಕಿದ ಒಣಮೆಣಸಿನಕಾಯಿ ಸೀದು
ಕೆಮ್ಮು ಹತ್ತಿದಾಗ ಅತ್ತೆ ನೆನಪಾದರು.
ಮಗ ಹದಿನಾಲ್ಕು ಮಹಡಿಯ ಗುಂಡಿಯೊಳಗೆ
ಹಗ್ಗ ಹಿಡಿದು ನೇತಾಡಿ ಬಂದ ರಾತ್ರಿ
ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು
ನಿವಾಳಿಸುತ್ತಿದ್ದರು, ತುಟಿಯೊಳಗೇ ಏನೋ ಅನ್ನುತ್ತ.
ಈ ಹೆಂಗಸೂ ಅಷ್ಟೇ ಮಾಡಿದ್ದಾಳೆ.
ಒಳಗೆ ಅವನು ಕಾಫಿ ಸೋಸುತ್ತಿದ್ದಾನೆ,
ಹೊರಗೆ ಇವಳು ಇನ್ನೂರ ನಲವತ್ತು ಪುಟ
ಅವನ ಸುತ್ತ ಇಳಿತೆಗೆದು ಬೆಂಕಿಗೆ ಹಾಕಿದ್ದಾಳೆ,
ಚಟಪಟ ಅಂದಿದೆಯೋ ಇಲ್ಲವೋ ಎಂದು ಕಿವಿಗೊಟ್ಟು.

ರಬ್ಬರು ಹುಡುಕಿ ಅಂಗಿಯ ಪುಟ ಅಳಿಸಿದೆ.
ಗುರುತು ಪೂರ್ತಿ ಹೋಗಲಿಲ್ಲ.
ಸಮುದ್ರದ್ದು ಹಾಗೇ ಬಿಟ್ಟೆ.

ಶಿವಗಂಗಮ್ಮ ಹಾಳೆ ತಿರುವಿ ನೋಡಿದರು,
ನೋಡದವರ ಹಾಗೆ ಮುಚ್ಚಿದರು.
ದಂಡ ಆರು ರೂಪಾಯಿ.
'ಹೇಗಿತ್ತು?'
ಪರ್ಸಿನ ತಳದಲ್ಲಿ ಚಿಲ್ಲರೆ ತಡಕುತ್ತ
'ಅವಳ ಗಂಡ ಚೆನ್ನಾಗಿರಲಿ' ಅಂದೆ.